ಓದುಗರ ಪ್ರಶ್ನೆ: ಮೂರು ಕಿಲೋಮೀಟರ್ ಆಳದ ಮಂಜುಗಡ್ಡೆಯ ಮಾತನ್ನು ನಂಬುವುದು ಹೇಗೆ?

ಧ್ರುವಪ್ರದೇಶದ ಹಿಂದಿನ ಮತ್ತು ಇಂದಿನ ಹವಾಮಾನದ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಅನುಮಾನದ ಸುತ್ತ ಇದ್ದವು: ಲಕ್ಷಾಂತರ ವರ್ಷಗಳ ಹಿಂದಿನ ಸಂಗತಿಯನ್ನು ಇಷ್ಟು ಖಚಿತವಾಗಿ ಹೇಳುವುದು ಹೇಗೆ ಸಾಧ್ಯ? ಅನುಮಾನ ಸರಿಯಾದದ್ದೇ. ಆದ್ದರಿಂದ ಅಳತೆ ಹೇಗೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ, ತಪ್ಪನ್ನು ಹೇಗೆ ಹಿಡಿಯುತ್ತಾರೆ ಎಂಬುದಕ್ಕೆ ಉತ್ತರಗಳಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ.

ಥರ್ಮಾಮೀಟರ್ ಹುಟ್ಟಿಯೇ ನಾನ್ನೂರು ವರ್ಷ. ಎಂಟು ಲಕ್ಷ ವರ್ಷ ಹಿಂದಿನ ಚಳಿ ಎಷ್ಟಿತ್ತು ಅಂತ ಹೇಗೆ ಗೊತ್ತಾಗುತ್ತದೆ?
– ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಥರ್ಮಾಮೀಟರಿನ ಕೆಲಸವನ್ನು ಧ್ರುವದ ಮಂಜುಗಡ್ಡೆಯಲ್ಲಿ ನೀರೇ ಮಾಡುತ್ತದೆ. ನೀರಿನಲ್ಲಿರುವ ಆಮ್ಲಜನಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಬಹುಪಾಲು ಆಮ್ಲಜನಕ-16, ಸುಮಾರು ಐನೂರಕ್ಕೆ ಒಂದರಂತೆ ಆಮ್ಲಜನಕ-18. ಈ ಭಾರದ ಪರಮಾಣು ಸೇರಿಕೊಂಡ ನೀರು ಕಡಲಿನಿಂದ ಆವಿಯಾಗುವುದು ತುಸು ಕಷ್ಟ, ಮೋಡದೊಳಗೆ ಹನಿಗಟ್ಟುವುದು ತುಸು ಸುಲಭ. ಮೋಡ ಧ್ರುವದ ಕಡೆ ಸಾಗುತ್ತ ತಣ್ಣಗಾದಂತೆಲ್ಲ ಭಾರದ ನೀರು ದಾರಿಯಲ್ಲೇ ಉದುರಿಹೋಗುತ್ತದೆ. ಕೊನೆಗೆ ಹಿಮವಾಗಿ ಬೀಳುವುದರಲ್ಲಿ ಹಗುರ ನೀರೇ ಹೆಚ್ಚು. ಚಳಿ ಜೋರಾದಷ್ಟೂ ಹಿಮದಲ್ಲಿ ಆಮ್ಲಜನಕ-18 ಕಡಿಮೆ. ಕಡಲ ನೀರನ್ನು ಸೊನ್ನೆ ಎಂದಿಟ್ಟುಕೊಂಡರೆ, ಗ್ರೀನ್‌ಲ್ಯಾಂಡಿನ ನೆತ್ತಿಯ ಹಿಮದಲ್ಲಿ ಅದು ಸಾವಿರಕ್ಕೆ ಸುಮಾರು 35ರಷ್ಟು ಕಡಿಮೆ. ಪೂರ್ವ ಅಂಟಾರ್ಕ್ಟಿಕದ ಒಳನಾಡಿನಲ್ಲಿ 50ಕ್ಕೂ ಹೆಚ್ಚು ಕಡಿಮೆ.

ಇದನ್ನು ಮೊದಲು ಹಿಡಿದವರು ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗೋರ್. 1952ರ ಜೂನ್‌ನಲ್ಲಿ ಕೋಪನ್‌ಹೇಗನ್ನಿನಲ್ಲಿ ಮಳೆ ಹಿಡಿದಾಗ, ಹುಲ್ಲಿನ ಮೇಲೆ ಬಿಯರ್ ಬಾಟಲಿಯೊಂದನ್ನಿಟ್ಟು ಅದರ ಬಾಯಿಗೆ ಆಲಿಕೆ ಸಿಕ್ಕಿಸಿ ಮಳೆನೀರು ಹಿಡಿದರು. ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆದಾಗ, ಮೋಡದ ತಾಪಮಾನ ಬದಲಾದಂತೆ ನೀರಿನ ಲೆಕ್ಕವೂ ಬದಲಾಗಿತ್ತು. ಹಳೆಯ ಮಳೆ ಎಲ್ಲಿ ಉಳಿದಿರುತ್ತದೆ? ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯಲ್ಲಿ. ಅಮೆರಿಕದ ಸೇನೆ ಅಲ್ಲಿನ ಕ್ಯಾಂಪ್ ಸೆಂಚುರಿ ಎಂಬ ನೆಲೆಯಲ್ಲಿ 1966ರಲ್ಲಿ ಸುಮಾರು 1,390 ಮೀಟರ್ ಕೊರೆದು ತೆಗೆದ ಮಂಜಿನ ಕಂಬ ಅವರ ಕೈಗೆ ಸಿಕ್ಕಿತು, ಒಂದು ಲಕ್ಷ ವರ್ಷದ ಹವಾಮಾನ ಅದರಲ್ಲಿ ಕಾಣಿಸಿತು.

ಆದರೆ ಈ ನೀರಿನ ಥರ್ಮಾಮೀಟರ್ ಒಮ್ಮೆ ದೊಡ್ಡದಾಗಿಯೇ ತಪ್ಪಿತು. ಗ್ರೀನ್‌ಲ್ಯಾಂಡಿನ ಬೇರೆ ಬೇರೆ ಕಡೆಯ ಈಗಿನ ಹಿಮವನ್ನು ಅಳೆದರೆ ಒಂದು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಆಮ್ಲಜನಕ-18 ಸಾವಿರಕ್ಕೆ 0.67ರಷ್ಟು ಬದಲಾಗುತ್ತದೆ. ಅದೇ ಲೆಕ್ಕವನ್ನು ಹಿಮಯುಗಕ್ಕೆ ಹಚ್ಚಿದಾಗ ಆಗ ಈಗಿಗಿಂತ ಹತ್ತು-ಹನ್ನೆರಡು ಡಿಗ್ರಿ ಚಳಿ ಹೆಚ್ಚಿತ್ತು ಎಂದು ಬಂತು. 1990ರ ದಶಕದಲ್ಲಿ ಕೊರೆದ ರಂಧ್ರದೊಳಗೇ ಸೂಕ್ಷ್ಮ ತಾಪಮಾಪಕ ಇಳಿಸಿ ನೋಡಿದರು. ಮಂಜುಗಡ್ಡೆ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುವುದರಿಂದ ಹಿಮಯುಗದ ಚಳಿಯ ಅಂಶ ಆಳದಲ್ಲಿ ಇನ್ನೂ ಉಳಿದಿದೆ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ ವ್ಯತ್ಯಾಸ ಇಪ್ಪತ್ತು ಡಿಗ್ರಿಗೂ ಮೇಲಿತ್ತು! ಹಿಮಯುಗದ ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುವುದೇ ಬಹಳ ಕಡಿಮೆಯಾಗಿತ್ತು. ಉಳಿದದ್ದು ಹೆಚ್ಚಾಗಿ ಬೇಸಿಗೆಯ ಹಿಮ, ಅದು ಬೇಸಿಗೆಯ ಲೆಕ್ಕವನ್ನೇ ಹೇಳುತ್ತಿತ್ತು. ಒಂದು ಅಳತೆಯ ತಪ್ಪನ್ನು ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಅಳತೆ ಹಿಡಿದುಕೊಟ್ಟ ಈ ಪ್ರಸಂಗವನ್ನು ನಿಮ್ಮಂಥ ವಿಜ್ಞಾನದ ವಿದ್ಯಾರ್ಥಿಗಳು ಅವಶ್ಯ ತಿಳಿದಿರಬೇಕು.

ನಮ್ಮ ರಿಗ್‌ನಲ್ಲಿ ಸಾವಿರ ಅಡಿ ಹೋದರೇ ಕೇಸಿಂಗ್ ಕುಸಿತ, ಬಿಟ್ ಸಿಕ್ಕಿಕೊಳ್ಳುವುದು ಇದ್ದದ್ದೇ. ಮಂಜಿನಲ್ಲಿ ಹತ್ತು ಸಾವಿರ ಅಡಿ ಕೊರೆದು ಮುರಿಯದ ಹಾಗೆ ತೆಗೆಯುವುದು ಹೇಗೆ?
– ಬೋರ್‌ವೆಲ್ ಕೆಲಸಗಾರರು, ತಿಪಟೂರು

ನಿಮಗಿರುವ ತೊಂದರೆಗಳೆಲ್ಲ ಅಲ್ಲಿಯೂ ಇವೆ, ಬೇರೆ ರೂಪದಲ್ಲಿ. ಬೋರ್‌ವೆಲ್‌ನಲ್ಲಿ ಕಲ್ಲನ್ನು ಪುಡಿ ಮಾಡಿ ಗಾಳಿಯ ಒತ್ತಡದಿಂದ ಹೊರಹಾಕುತ್ತೀರಿ, ನಿಮಗೆ ಬೇಕಾದದ್ದು ತೂತು. ಇಲ್ಲಿ ಬೇಕಾದದ್ದು ನಡುವಿನ ಕಂಬ. ಅದಕ್ಕೇ ಕೊಳವೆಯ ತುದಿಯಲ್ಲಿ ಉಂಗುರದಂತೆ ಮೂರು ಅಲಗುಗಳು ತಿರುಗುತ್ತ ಸುತ್ತಲಿನ ಮಂಜನ್ನಷ್ಟೇ ಹೆರೆಯುತ್ತವೆ. ನಡುವಿನ ಭಾಗ ಕೊಳವೆಯೊಳಗೆ ಏರುತ್ತ ಬರುತ್ತದೆ. ಯುರೋಪಿನ ಯೋಜನೆಗಳಲ್ಲಿ ಬಳಸುವ ಯಂತ್ರದಲ್ಲಿ ಕಂಬದ ಅಗಲ 98 ಮಿಲಿಮೀಟರ್, ರಂಧ್ರದ ಅಗಲ ಸುಮಾರು 13 ಸೆಂಟಿಮೀಟರ್.

ಸಾವಿರಾರು ಮೀಟರ್ ರಾಡ್ ಜೋಡಿಸುತ್ತ ಕೂತರೆ ಕೆಲಸ ಸಾಗದು. ಆದ್ದರಿಂದ ಮೋಟಾರು ಕೆಳಗೆ, ಯಂತ್ರದೊಳಗೇ ಇರುತ್ತದೆ. ಇಡೀ ಯಂತ್ರ ಉಕ್ಕಿನ ಕೇಬಲ್ಲಿಗೆ ನೇತಾಡುತ್ತದೆ, ವಿದ್ಯುತ್ತೂ ಅದೇ ಕೇಬಲ್ಲಿನಲ್ಲಿ ಇಳಿಯುತ್ತದೆ. ಆಗ ಇನ್ನೊಂದು ತಾಪತ್ರಯ: ಅಲಗು ಮಂಜಿಗೆ ಕಚ್ಚಿದ ಕೂಡಲೇ ತಿರುಗಬೇಕಾದ ಅಲಗು ನಿಂತು ಯಂತ್ರವೇ ತಿರುಗಿ ಕೇಬಲ್ ಹುರಿಗಟ್ಟಬಹುದು. ಅದಕ್ಕೆ ಮೇಲ್ಭಾಗದಲ್ಲಿ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳಿದ್ದು ರಂಧ್ರದ ಗೋಡೆಗೆ ಒತ್ತಿಕೊಂಡಿರುತ್ತವೆ. ಯಂತ್ರವನ್ನು ಒಂದು ಸಲ ಇಳಿಸಿದರೆ ಮೂರು ಮೀಟರಿನಷ್ಟು ಕಂಬ ಸಿಗುತ್ತದೆ. ಕೊರೆದಾದ ಮೇಲೆ ಕೇಬಲ್ ಎಳೆದರೆ, ಕೊಳವೆಯ ಬುಡದಲ್ಲಿರುವ ಹಲ್ಲುಗಳು ಮಂಜಿಗೆ ನಾಟಿ ಕಂಬವನ್ನು ಬುಡದಿಂದ ಮುರಿದುಕೊಳ್ಳುತ್ತವೆ. ಆಳ 3,000 ಮೀಟರ್ ದಾಟಿದ ಮೇಲೆ ಇಳಿದು ಏರುವುದಕ್ಕೇ ಎರಡು ಗಂಟೆಯ ಹತ್ತಿರ ಬೇಕು.

ಕೇಸಿಂಗ್ ಅನ್ನು ಮೇಲಿನ ನೂರು ಮೀಟರಿನಷ್ಟಕ್ಕೆ ಮಾತ್ರ ಹಾಕುತ್ತಾರೆ, ಅಲ್ಲಿ ಹಿಮ ಇನ್ನೂ ಸಡಿಲ. ಕೆಳಗೆ ಮಂಜುಗಡ್ಡೆ ಗಟ್ಟಿ, ಆದರೆ ಮೇಲಿನ ಭಾರಕ್ಕೆ ಅದು ಮೆಲ್ಲಗೆ ಹರಿದು ರಂಧ್ರವನ್ನು ಮುಚ್ಚಿಬಿಡುತ್ತದೆ. ತಡೆಯಲು ರಂಧ್ರದ ತುಂಬ ಹೆಪ್ಪುಗಟ್ಟದ ದ್ರವ ತುಂಬಬೇಕು, ಅದರ ಸಾಂದ್ರತೆ ಮಂಜುಗಡ್ಡೆಯಷ್ಟೇ, ಅಂದರೆ ಘನಮೀಟರಿಗೆ ಸುಮಾರು 920 ಕಿಲೋ ಇರಬೇಕು. ಸೀಮೆಎಣ್ಣೆ ಜಾತಿಯ ದ್ರವ ಇದಕ್ಕಿಂತ ಹಗುರ, ಅದಕ್ಕೆ ಭಾರದ ದ್ರವ ಬೆರೆಸುತ್ತಿದ್ದರು. ಗ್ರೀನ್‌ಲ್ಯಾಂಡಿನ ನೀಮ್ ಯೋಜನೆಯಲ್ಲಿ ತೆಂಗಿನೆಣ್ಣೆಯಿಂದ ಪಡೆದ ಎಸ್ಟರನ್ನು ಬಳಸಿದರು. ತೆಂಗಿನ ಸೀಮೆಯಾದ ನಿಮ್ಮೂರಿನವರಿಗೆ ಇದು ಹಿಡಿಸಬಹುದೆಂದು ಹೇಳಿದ್ದು.

ಸಿಕ್ಕಿಕೊಳ್ಳುವ ವಿಷಯ. ಹೆರೆದ ಮಂಜಿನ ಪುಡಿ ಯಂತ್ರದೊಳಗಿನ ಕೋಣೆಗೆ ಸೇರಬೇಕು. ಸೇರದೆ ಸುತ್ತ ಉಳಿದರೆ ಬಿರಡೆ ಹಾಕಿದಂತೆ ಬಿಗಿಯುತ್ತದೆ. ಅಂಟಾರ್ಕ್ಟಿಕದ ಡೋಮ್ ಸಿಯಲ್ಲಿ 1998ರ ಡಿಸೆಂಬರಿನಲ್ಲಿ 788 ಮೀಟರ್ ಆಳದಲ್ಲಿ ಯಂತ್ರ ಸಿಕ್ಕಿಬಿದ್ದು ಹೊರಬರಲೇ ಇಲ್ಲ. ಪಕ್ಕದಲ್ಲಿ ಹೊಸ ರಂಧ್ರ ಶುರುಮಾಡಿ 2004ರ ಡಿಸೆಂಬರಿನಲ್ಲಿ ಸುಮಾರು 3,270 ಮೀಟರ್ ತಲುಪಿದರು. ತಳದ ಹತ್ತಿರ ತೊಂದರೆ ಇನ್ನೂ ಹೆಚ್ಚು. ಭೂಮಿಯ ಶಾಖದಿಂದ ಅಲ್ಲಿನ ಮಂಜು ಕರಗುವ ಅಂಚಿನಲ್ಲಿರುತ್ತದೆ, ಅಲಗಿನ ಬಿಸಿಗೆ ನೀರಾಗಿ ಮತ್ತೆ ಅಲಗಿನ ಮೇಲೆಯೇ ಹೆಪ್ಪುಗಟ್ಟುತ್ತದೆ. ಎಥನಾಲ್ ಬೆರೆಸಿದ ನೀರನ್ನು ತಳಕ್ಕೆ ಇಳಿಸಿ ಕೊರೆಯುವುದು ಅದಕ್ಕೆ ಕಂಡುಕೊಂಡ ಉಪಾಯ.

ಮುರಿಯುವುದರ ಬಗ್ಗೆ ಕೇಳಿದಿರಿ. ಸುಮಾರು 600ರಿಂದ 1,200 ಮೀಟರ್ ನಡುವಿನ ಕಂಬ ಮೇಲೆ ಬಂದ ಕೂಡಲೇ ತಾನಾಗಿ ಸಿಡಿಯುತ್ತದೆ. ಒಳಗಿನ ಗುಳ್ಳೆಗಳಲ್ಲಿ ಆಳದ ಒತ್ತಡ ಹಾಗೇ ಇದ್ದು, ಹೊರಗಿನ ಒತ್ತಡ ಇಲ್ಲದಂತಾಗುವುದೇ ಕಾರಣ. ಇಂಥ ಕಂಬವನ್ನು ಆಗಲೇ ಗರಗಸಕ್ಕೆ ಕೊಡಬಾರದು. ಬಲೆಯಂಥ ಹೊದಿಕೆ ಹಾಕಿ ಹಿಮದೊಳಗಿನ ಕಂದಕದಲ್ಲಿ ಒಂದು ಚಳಿಗಾಲ ಬಿಟ್ಟು, ಒತ್ತಡ ಇಳಿದ ಮೇಲೆ ಕತ್ತರಿಸುತ್ತಾರೆ. ಇನ್ನೂ ಆಳಕ್ಕೆ ಹೋದರೆ ಗುಳ್ಳೆಗಳೇ ಇರುವುದಿಲ್ಲ, ಒತ್ತಡಕ್ಕೆ ಗಾಳಿ ಮಂಜಿನ ಹರಳಿನೊಳಗೇ ಸೇರಿಹೋಗಿರುತ್ತದೆ. ಆ ಕಂಬ ಗಾಜಿನಂತೆ ತಿಳಿ, ಗಟ್ಟಿ.

ಫ್ರಿಜ್ಜಿನ ಐಸಿನಲ್ಲೂ ಗುಳ್ಳೆಗಳಿರುತ್ತವೆ. ಅದರ ಗಾಳಿಯನ್ನು ಅಳೆದು ಇಂದಿನ ವಾತಾವರಣ ಎಂದರೆ ಒಪ್ಪುತ್ತೇವೆಯೇ? ಹಾಗಿದ್ದರೆ ಧ್ರುವದ ಗುಳ್ಳೆಗಳನ್ನು ಯಾಕೆ ನಂಬಬೇಕು?
– ಭೌತಶಾಸ್ತ್ರ ಉಪನ್ಯಾಸಕರು, ಧಾರವಾಡ

ಫ್ರಿಜ್ಜಿನ ಗುಳ್ಳೆಯನ್ನು ಒಪ್ಪಬಾರದು. ನೀರಿನಲ್ಲಿ ಕರಗಿದ್ದ ಗಾಳಿ ಹೆಪ್ಪುಗಟ್ಟುವಾಗ ಹೊರದೂಡಲ್ಪಟ್ಟು ಆ ಗುಳ್ಳೆ ಆಗುತ್ತದೆ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸಾರಜನಕಕ್ಕಿಂತ ಬಹಳ ಹೆಚ್ಚು ಕರಗುವುದರಿಂದ ಅಲ್ಲಿನ ಪ್ರಮಾಣ ವಾತಾವರಣದ್ದಲ್ಲ. ಧ್ರುವದಲ್ಲಿ ನೀರಿನ ಹಂತವೇ ಇಲ್ಲ. ಹಿಮದ ಹರಳುಗಳ ನಡುವೆ ಇದ್ದ ಗಾಳಿ, ಮೇಲೆ ಹಿಮ ಬೀಳುತ್ತ ಒತ್ತಿದಂತೆ ಕಿರಿದಾದ ಜಾಗಗಳಲ್ಲಿ ಸೇರಿ, ಸಾಂದ್ರತೆ ಘನಮೀಟರಿಗೆ ಸುಮಾರು 830 ಕಿಲೋ ಮುಟ್ಟಿದಾಗ ಪೂರ್ತಿ ಮುಚ್ಚಿಹೋಗುತ್ತದೆ. ಇದು ಸ್ಥಳಕ್ಕೆ ತಕ್ಕಂತೆ 60ರಿಂದ 110 ಮೀಟರ್ ಆಳದಲ್ಲಿ ನಡೆಯುತ್ತದೆ.

ಇಲ್ಲೊಂದು ಎಚ್ಚರ. ಮುಚ್ಚುವ ತನಕ ಗಾಳಿ ಮೇಲಿನಿಂದ ಓಡಾಡುತ್ತಲೇ ಇರುವುದರಿಂದ, ಗುಳ್ಳೆಯ ಗಾಳಿ ಅದರ ಸುತ್ತಲಿನ ಮಂಜಿಗಿಂತ ಎಳೆಯದು. ಹಿಮ ಧಾರಾಳ ಬೀಳುವ, ಅಂಟಾರ್ಕ್ಟಿಕದ ಕರಾವಳಿಯ ಲಾ ಡೋಮ್‌ನಲ್ಲಿ ಈ ಅಂತರ ಮೂರು-ನಾಲ್ಕು ದಶಕ. ವರ್ಷಕ್ಕೆ ಎರಡೂವರೆ ಸೆಂಟಿಮೀಟರ್ ನೀರಿನಷ್ಟೂ ಬೀಳದ ಒಳನಾಡಿನಲ್ಲಿ ಎರಡು-ಮೂರು ಸಾವಿರ ವರ್ಷ, ಹಿಮಯುಗದಲ್ಲಿ ಇನ್ನೂ ಹೆಚ್ಚು.

ಲಾ ಡೋಮ್‌ನ ಈ ಚಿಕ್ಕ ಅಂತರವೇ ನಿಮ್ಮ ಪ್ರಶ್ನೆಗೆ ಗಟ್ಟಿ ಉತ್ತರ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ 1958ರಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡಿನ ನೇರ ಅಳತೆ ಶುರುವಾಯಿತು. ಲಾ ಡೋಮ್‌ನ ಗುಳ್ಳೆಗಳಲ್ಲಿ ಅದರ ನಂತರದ ವರ್ಷಗಳ ಗಾಳಿಯೂ ಸಿಕ್ಕಿತು. ಎರಡನ್ನೂ ಒಂದೇ ನಕ್ಷೆಯಲ್ಲಿ ಹಾಕಿದರೆ ಒಂದರ ಮೇಲೊಂದು ಕೂರುತ್ತವೆ.

ಗಾಳಿ ತೆಗೆಯುವ ಕ್ರಮದಲ್ಲೂ ಜಾಗ್ರತೆ ಬೇಕು. ಮೀಥೇನ್ ಅಳೆಯಲು ಮಂಜನ್ನು ನಿರ್ವಾತದಲ್ಲಿ ಕರಗಿಸಿದರೆ ನಡೆಯುತ್ತದೆ. ಇಂಗಾಲದ ಡೈಆಕ್ಸೈಡಿಗೆ ಹಾಗೆ ಮಾಡಕೂಡದು, ಕರಗಿದ ನೀರಿನಲ್ಲಿ ಧೂಳಿನ ಕಾರ್ಬೊನೇಟ್ ಆಮ್ಲದೊಡನೆ ಸೇರಿ ಹೊಸದಾಗಿ ಅನಿಲ ಹುಟ್ಟಿಸುತ್ತದೆ. ಹಾಗಾಗಿ ತುಂಡನ್ನು ನಿರ್ವಾತದಲ್ಲಿ, ಕರಗಗೊಡದೆ, ಒಣಗಿದಂತೆಯೇ ಪುಡಿ ಮಾಡುತ್ತಾರೆ. ಗ್ರೀನ್‌ಲ್ಯಾಂಡಿನ ಮಂಜಿನಲ್ಲಿ ಧೂಳು ಹೆಚ್ಚಿದ್ದು ಈ ಪ್ರಕ್ರಿಯೆ ಮಂಜಿನೊಳಗೇ ನಡೆದಿರುತ್ತದೆ. ಇಂಗಾಲದ ಡೈಆಕ್ಸೈಡಿನ ದಾಖಲೆಗೆ ಅಂಟಾರ್ಕ್ಟಿಕದ ಮಂಜನ್ನೇ ನೆಚ್ಚುವುದು ಇದಕ್ಕಾಗಿ.

ಪದರಗಳಿಗೆ ವರ್ಷ ಹಚ್ಚುವುದು ಮರದ ಉಂಗುರ ಎಣಿಸಿದ ಹಾಗೆಯೇ?
– ನಿವೃತ್ತ ಅರಣ್ಯಾಧಿಕಾರಿ, ಚಿಕ್ಕಮಗಳೂರು

ಗ್ರೀನ್‌ಲ್ಯಾಂಡಿನಲ್ಲಿ ಬಹುಮಟ್ಟಿಗೆ ಹೌದು. ಬೇಸಿಗೆ-ಚಳಿಗಾಲಕ್ಕೆ ಧೂಳು, ಉಪ್ಪು, ಆಮ್ಲಜನಕದ ಲೆಕ್ಕ ಏರಿಳಿಯುತ್ತವೆ. ಹೀಗೆ ಸುಮಾರು 60 ಸಾವಿರ ವರ್ಷ ಎಣಿಸಿದ್ದಾರೆ. ಎಣಿಕೆ ತಪ್ಪಿದರೆ ಹಿಡಿಯಲು ಜ್ವಾಲಾಮುಖಿಗಳ ಆಮ್ಲದ ಪದರಗಳಿವೆ: 1783ರ ಲಾಕಿ, 1815ರ ತಂಬೋರಾ, 1257ರ ಸಮಾಲಾಸ್. ಅಣುಬಾಂಬ್ ಪರೀಕ್ಷೆಗಳ ವಿಕಿರಣದ ಗುರುತು 1963ರ ಸುಮಾರಿಗೆ ಎದ್ದು ಕಾಣುತ್ತದೆ. ಹಿಮ ತೀರ ಕಡಿಮೆ ಬೀಳುವ ಡೋಮ್ ಸಿಯಂಥಲ್ಲಿ ವರ್ಷದ ಪದರವೇ ಕಾಣದು, ಅಲ್ಲಿ ಮಂಜು ಹರಿಯುವ ಗಣಿತವನ್ನೂ ಇಂಥ ಗುರುತುಗಳನ್ನೂ ಸೇರಿಸಿ ಕಾಲ ಕಟ್ಟಬೇಕು. ಅನಿಶ್ಚಿತತೆ ಅಲ್ಲಿ ಸಾವಿರಾರು ವರ್ಷಕ್ಕೂ ಹೋಗುತ್ತದೆ.

ಹಿಮಯುಗ ಮುಗಿಯುವಾಗ ಮೊದಲು ಬಿಸಿ ಏರಿತು, ಆಮೇಲೆ ಇಂಗಾಲದ ಡೈಆಕ್ಸೈಡ್ ಏರಿತು ಎಂದು ಮಂಜಿನ ದಾಖಲೆಯೇ ಹೇಳುತ್ತದಂತೆ. ಹಾಗಾದರೆ ಅನಿಲ ಕಾರಣವಲ್ಲ, ಪರಿಣಾಮ ಅಲ್ಲವೇ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಕಾರಣವೂ ಹೌದು, ಪರಿಣಾಮವೂ ಹೌದು. ಹಿಮಯುಗ ಸಡಿಲಗೊಳ್ಳಲು ಮೊದಲ ತಳ್ಳು ಕೊಟ್ಟದ್ದು ಭೂಮಿಯ ಕಕ್ಷೆ ಮತ್ತು ಅಕ್ಷದ ಓಲಾಟ. ಉತ್ತರದ ಎತ್ತರದ ಅಕ್ಷಾಂಶಗಳಿಗೆ ಬೇಸಿಗೆ ಬಿಸಿಲು ಹೆಚ್ಚಿತು. ಕಡಲು ಬೆಚ್ಚಗಾಗಿ, ದಕ್ಷಿಣ ಸಾಗರದ ಆಳದ ನೀರು ಮೇಲೆ ಬಂದು, ಅಲ್ಲಿ ಅಡಗಿದ್ದ ಇಂಗಾಲದ ಡೈಆಕ್ಸೈಡ್ ಹೊರಬಿತ್ತು. ಆ ಅನಿಲ ಮತ್ತಷ್ಟು ಬಿಸಿ ಮಾಡಿತು, ಇಡೀ ಭೂಗೋಳಕ್ಕೆ ಹಬ್ಬಿಸಿತು. ಕಕ್ಷೆಯ ಬದಲಾವಣೆಯಷ್ಟರಿಂದಲೇ ಅಷ್ಟು ದೊಡ್ಡ ಏರಿಕೆ ಲೆಕ್ಕಕ್ಕೆ ಸಿಗುವುದಿಲ್ಲ.

ಇನ್ನು ಆ ‘ಆಮೇಲೆ’ ಎಂಬ ಮಾತು. ಹಿಂದಿನ ಲೆಕ್ಕಗಳಲ್ಲಿ ಅನಿಲ ಎಂಟು ನೂರು ವರ್ಷದಷ್ಟು ಹಿಂದೆ ಬಿದ್ದಂತೆ ಕಂಡಿತ್ತು, ಅದೂ ನೂರಾರು ವರ್ಷದ ಅನಿಶ್ಚಿತತೆಯೊಡನೆ. ತಾಪಮಾನ ಸಿಗುವುದು ಮಂಜಿನಿಂದ, ಅನಿಲ ಸಿಗುವುದು ಗುಳ್ಳೆಯಿಂದ. ಎರಡರ ವಯಸ್ಸೂ ಬೇರೆ ಎಂದು ಮೇಲೆ ಹೇಳಿದೆವಲ್ಲ, ಆ ಅಂತರವನ್ನು ಅಂದಾಜಿಸುವುದರಲ್ಲೇ ಪೆಟ್ಟು ಬಿದ್ದಿತ್ತು. ಸಡಿಲ ಹಿಮದೊಳಗೆ ಭಾರದ ಸಾರಜನಕ-15 ಗುರುತ್ವಕ್ಕೆ ಕೆಳಗೆ ತಂಗುತ್ತದೆ, ಅದನ್ನು ಅಳೆದರೆ ಅಂದು ಗುಳ್ಳೆ ಯಾವ ಆಳದಲ್ಲಿ ಮುಚ್ಚಿತ್ತೆಂದು ತಿಳಿಯುತ್ತದೆ. 2013ರಲ್ಲಿ ಹೀಗೆ ಲೆಕ್ಕ ತಿದ್ದಿದಾಗ ಕೊನೆಯ ಹಿಮಯುಗದ ಅಂತ್ಯದಲ್ಲಿ ಅಂಟಾರ್ಕ್ಟಿಕದ ತಾಪಮಾನವೂ ಇಂಗಾಲದ ಡೈಆಕ್ಸೈಡೂ ಹೆಚ್ಚುಕಡಿಮೆ ಜೊತೆಯಲ್ಲೇ ಏರಿದ್ದು ಕಂಡಿತು. ಜೊತೆಗೆ ಅಂಟಾರ್ಕ್ಟಿಕ ಒಂದು ಮೂಲೆ. ಲೋಕದ ಬೇರೆ ಬೇರೆ ಕಡೆಯ ದಾಖಲೆ ಒಟ್ಟು ಮಾಡಿ ನೋಡಿದರೆ ಭೂಮಿಯ ಸರಾಸರಿ ತಾಪಮಾನ ಅನಿಲದ ಹಿಂದೆಯೇ ಏರಿದೆ.

ನೀವು ಅಂಕಿಗಳೊಡನೆ ಕೆಲಸ ಮಾಡುವವರು, ಇದನ್ನು ನೋಡಿ. ಆ ಹಿಮಯುಗ ಮುಗಿಯುವಾಗ ಇಂಗಾಲದ ಡೈಆಕ್ಸೈಡ್ ಸುಮಾರು 80 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 80 ಭಾಗ) ಏರಲು ಏಳು ಸಾವಿರ ವರ್ಷ ಹಿಡಿಯಿತು. ಮೌನಾ ಲೋವಾದಲ್ಲಿ 1984ರ ಸರಾಸರಿ ಸುಮಾರು 345 ಪಿಪಿಎಂ. 2024ರದು ಸುಮಾರು 424. ಅಷ್ಟೇ ಏರಿಕೆ ನಲವತ್ತು ವರ್ಷದಲ್ಲಿ. ಡೋಮ್ ಸಿಯ ಎಂಟು ಲಕ್ಷ ವರ್ಷದ ದಾಖಲೆಯಲ್ಲಿ ಅದು ಸುಮಾರು 300 ದಾಟಿದ್ದೇ ಇಲ್ಲ. ಈ ಸಲದ ಏರಿಕೆಗೆ ಕಡಲು ಕಾರಣವಲ್ಲ. ಕಲ್ಲಿದ್ದಲು, ಪೆಟ್ರೋಲಿನ ಇಂಗಾಲದಲ್ಲಿ ಇಂಗಾಲ-14 ಇಲ್ಲ, ಇಂಗಾಲ-13 ಕಡಿಮೆ, ವಾತಾವರಣದಲ್ಲಿ ಎರಡೂ ಅದೇ ರೀತಿ ತೆಳುವಾಗುತ್ತ ಬಂದಿವೆ.

ಭೂಮಿ ಹಿಂದೆಯೂ ಬೆಚ್ಚಗಾಗಿತ್ತು, ಮಂಜು ಕರಗಿತ್ತು. ಈಗ ಇಷ್ಟೇಕೆ ಗಾಬರಿ?
– ಕಾಫಿ ಬೆಳೆಗಾರರು, ಸಕಲೇಶಪುರ

ಕರಗಿತ್ತು ಎಂಬುದೇ ಗಾಬರಿಯ ಕಾರಣ. ಕ್ಯಾಂಪ್ ಸೆಂಚುರಿಯಲ್ಲಿ 1966ರಲ್ಲಿ ಮಂಜಿನ ತಳ ದಾಟಿ ಮೂರು ಮೀಟರಿಗೂ ಹೆಚ್ಚು ಮಣ್ಣು ತೆಗೆದಿದ್ದರು. ಅದು ದಶಕಗಳ ಕಾಲ ಮರೆತುಹೋಗಿ, 2017ರಲ್ಲಿ ಕೋಪನ್‌ಹೇಗನ್ನಿನ ಶೀತಾಗಾರದಲ್ಲಿ ಮತ್ತೆ ಸಿಕ್ಕಿತು. ಅದರಲ್ಲಿ ಪಾಚಿ, ಕಡ್ಡಿ, ಎಲೆಯ ಚೂರುಗಳಿದ್ದವು. ಮಣ್ಣಿನ ಹರಳು ಕೊನೆಯದಾಗಿ ಬಿಸಿಲು ಕಂಡದ್ದು ಸುಮಾರು 4,16,000 ವರ್ಷದ ಹಿಂದೆ ಎಂದು 2023ರಲ್ಲಿ ಪ್ರಕಟವಾಯಿತು. ಈಗ ಕಿಲೋಮೀಟರಿಗೂ ಹೆಚ್ಚು ಮಂಜು ಹೊತ್ತ ಆ ನೆಲದಲ್ಲಿ ಅಂದು ಹಸಿರಿತ್ತು. ಅಂದಿನ ಇಂಗಾಲದ ಡೈಆಕ್ಸೈಡ್ ಎಷ್ಟು? 280 ಪಿಪಿಎಂ ಆಸುಪಾಸು. ಬೆಚ್ಚನೆಯ ಕಾಲ ಬಹಳ ದೀರ್ಘವಾಗಿತ್ತು ನಿಜ. ಆದರೂ ಇಂದಿನ ಮೂರನೇ ಎರಡು ಭಾಗದಷ್ಟು ಅನಿಲಕ್ಕೇ ವಾಯವ್ಯ ಗ್ರೀನ್‌ಲ್ಯಾಂಡ್ ಬಯಲಾಗಿತ್ತು.

ಅಂಟಾರ್ಕ್ಟಿಕದಲ್ಲಿ ಐಸ್ ಹೆಚ್ಚುತ್ತಿದೆ ಎಂದು ವಾಟ್ಸಾಪಿನಲ್ಲಿ ಬರುತ್ತಿದೆ, ನಿಜವೇ?
– ಗೃಹಿಣಿ, ಮೈಸೂರು

ಹಳೆಯ ಸುದ್ದಿಯ ತುಣುಕು. ಕಡಲ ಮೇಲಿನ ತೆಳುಮಂಜು 2014ರ ಚಳಿಗಾಲದಲ್ಲಿ ದಾಖಲೆಯ 2 ಕೋಟಿ ಚದರ ಕಿಲೋಮೀಟರಿಗೆ ಹರಡಿತ್ತು. 2023ರ ಚಳಿಗಾಲದಲ್ಲಿ 1.7 ಕೋಟಿಯೂ ಆಗಲಿಲ್ಲ, ಉಪಗ್ರಹ ದಾಖಲೆಯಲ್ಲೇ ಅತಿ ಕಡಿಮೆ. ನೆಲದ ಮೇಲಿನ ಮಂಜಂತೂ 2002ರಿಂದ ಗ್ರೇಸ್ ಉಪಗ್ರಹಗಳು ಗುರುತ್ವದ ಏರಿಳಿತ ಅಳೆದು ತೂಗುತ್ತಿರುವಂತೆ ಒಟ್ಟಾರೆ ಇಳಿಯುತ್ತಲೇ ಇದೆ.

ಗ್ರೀನ್‌ಲ್ಯಾಂಡ್ ಎಲ್ಲಿ, ನಮ್ಮ ಮಲ್ಪೆ ಎಲ್ಲಿ. ಅಲ್ಲಿ ಕರಗಿದ್ದು ಇಲ್ಲಿಗೆ ಬರುತ್ತದಾ?
– ದೋಣಿ ಮಾಲೀಕರು, ಮಲ್ಪೆ

ಬರುತ್ತದೆ, ಅದೂ ಅಲ್ಲಿಗಿಂತ ಇಲ್ಲಿಗೇ ಹೆಚ್ಚು. ಗ್ರೀನ್‌ಲ್ಯಾಂಡಿನ ಮಂಜಿನ ರಾಶಿ ಎಷ್ಟು ದೊಡ್ಡದೆಂದರೆ ತನ್ನ ಗುರುತ್ವದಿಂದ ಸುತ್ತಲಿನ ಕಡಲನ್ನು ತನ್ನ ಕಡೆ ಎಳೆದುಕೊಂಡಿದೆ. ರಾಶಿ ಕರಗಿದರೆ ಎಳೆತ ಕಡಿಮೆಯಾಗಿ, ಸುಮಾರು 2,000 ಕಿಲೋಮೀಟರ್ ಒಳಗಿನ ಕಡಲು ಇಳಿಯುತ್ತದೆ, ಆ ನೀರು ದೂರದ ತೀರಗಳಿಗೆ ಸೇರುತ್ತದೆ. ಪಶ್ಚಿಮ ಅಂಟಾರ್ಕ್ಟಿಕದ ಮಂಜು ಕರಗಿದರೂ ಅರಬ್ಬೀ ಸಮುದ್ರದ ಪಾಲು ಸರಾಸರಿಗಿಂತ ತುಸು ಹೆಚ್ಚೇ. ಲೆಕ್ಕ ಹೀಗಿದೆ: 360 ಶತಕೋಟಿ ಟನ್ ಕರಗಿದರೆ ಲೋಕದ ಕಡಲು ಸರಾಸರಿ 1 ಮಿಲಿಮೀಟರ್ ಏರುತ್ತದೆ. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸುಮಾರು 270 ಶತಕೋಟಿ ಟನ್ ಕಳೆದುಕೊಳ್ಳುತ್ತಿದೆ. ಕಡಲು ಬೆಚ್ಚಗಾಗಿ ಹಿಗ್ಗುವುದು ಇದಕ್ಕೆ ಬೇರೆ ಸೇರುತ್ತದೆ.

ತೇಲುವ ಮಂಜು ಕರಗಿದರೆ ಮಟ್ಟ ಏರುವುದಿಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ಎರಡು ಲೋಟದಲ್ಲಿ ಮನೆಯಲ್ಲೇ ನೋಡಬಹುದು. ಒಂದರಲ್ಲಿ ನೀರಿಗೆ ಐಸ್ ತುಂಡು ತೇಲಿಬಿಡಿ, ಇನ್ನೊಂದರಲ್ಲಿ ನೀರಿನ ಮಟ್ಟಕ್ಕಿಂತ ಎತ್ತರದ ಕಲ್ಲಿಟ್ಟು ಅದರ ಮೇಲೆ ಐಸ್ ಇಡಿ. ಎರಡಕ್ಕೂ ಮಟ್ಟದ ಗೆರೆ ಎಳೆದು ಕರಗುವ ತನಕ ಕಾಯಿರಿ. ಮೊದಲಿನದು ಗೆರೆಯಲ್ಲೇ ಇರುತ್ತದೆ, ಎರಡನೆಯದು ಏರುತ್ತದೆ. ಉತ್ತರ ಧ್ರುವದ ಕಡಲ ಮಂಜು ಮೊದಲ ಲೋಟ. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕ ಎರಡನೆಯದು. ಮೊದಲ ಲೋಟಕ್ಕೆ ಉಪ್ಪು ಹಾಕಬೇಡಿ, ಉಪ್ಪುನೀರಿನಲ್ಲಿ ಸಿಹಿನೀರಿನ ಐಸ್ ಕರಗಿದರೆ ಕೂದಲೆಳೆಯಷ್ಟು ಏರಿ ಗೊಂದಲವಾಗುತ್ತದೆ.

ಮೊದಲ ಲೋಟದ ಮಂಜು ಹೋದರೆ ನಷ್ಟವಿಲ್ಲ ಎಂದಲ್ಲ. ಹೊಸ ಹಿಮ ಬಿಸಿಲಿನ ನೂರಕ್ಕೆ 80ಕ್ಕೂ ಹೆಚ್ಚು ಭಾಗವನ್ನು ಹಿಂದಕ್ಕೆ ಎಸೆಯುತ್ತದೆ, ಬಯಲಾದ ಕಡಲು ಸುಮಾರು 6 ಭಾಗ ಮಾತ್ರ. ಉತ್ತರ ಧ್ರುವ ಪ್ರದೇಶ 1979ರಿಂದ ಲೋಕದ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಲು ಇದು ದೊಡ್ಡ ಕಾರಣ.

ಎಂ.ಎಸ್ಸಿ. ಭೂವಿಜ್ಞಾನ ಓದುತ್ತಿದ್ದೇನೆ. ಈ ಕೆಲಸ ಭಾರತದಲ್ಲಿ ಎಲ್ಲಿ ನಡೆಯುತ್ತದೆ? ಏನು ಕಲಿತಿರಬೇಕು?
– ವಿದ್ಯಾರ್ಥಿ, ಮಂಗಳಗಂಗೋತ್ರಿ

ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದಲ್ಲಿ. ನಿಮ್ಮೂರಿನಿಂದ ಕೊಂಕಣ ರೈಲಿನ ದಾರಿ. ಮಂಜಿನ ಕಂಬಗಳನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿಡುವ ಪ್ರಯೋಗಾಲಯ ಅಲ್ಲಿದೆ. ಅಂಟಾರ್ಕ್ಟಿಕದಲ್ಲಿ 1989ರಿಂದ ಮೈತ್ರಿ, 2012ರಿಂದ ಭಾರತಿ, ಉತ್ತರ ಧ್ರುವದ ಕಡೆಯ ನಾರ್ವೆಯ ದ್ವೀಪಗಳಾದ ಸ್ವಾಲ್‌ಬಾರ್ಡಿನ ನೀ ಅಲೆಸುಂಡ್‌ನಲ್ಲಿ 2008ರಿಂದ ಹಿಮಾದ್ರಿ ನೆಲೆಗಳಿವೆ. ಅಂಟಾರ್ಕ್ಟಿಕಕ್ಕೆ ಹೋಗುವವರಿಗೆ ವೈದ್ಯಕೀಯ ತಪಾಸಣೆ, ಆಮೇಲೆ ಉತ್ತರಾಖಂಡದ ಔಲಿಯಲ್ಲಿ ಹಿಮದ ಮೇಲಿನ ತರಬೇತಿ ಇರುತ್ತದೆ.

ಐಸೊಟೋಪ್ (ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣು) ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಪೈಥಾನಿನಂಥ ಒಂದು ಪ್ರೋಗ್ರಾಮಿಂಗ್ ಭಾಷೆ ಈಗಲೇ ಕಲಿಯಿರಿ. ಅದಕ್ಕಿಂತ ಮೊದಲು ಕೈಶುದ್ಧಿ ಕಲಿಯಬೇಕು. ಧ್ರುವದ ಮಂಜಿನಲ್ಲಿ ಸೋಡಿಯಂ ಇರುವುದು ಶತಕೋಟಿಗೆ ಕೆಲವೇ ಭಾಗ. ಬರಿಗೈ ಬೆರಳಿನ ಬೆವರಿನ ಒಂದು ಗುರುತು ಅದನ್ನು ಮುಳುಗಿಸಿಬಿಡುತ್ತದೆ. ಅದಕ್ಕೇ ಕಂಬದಿಂದ 3.5 ಸೆಂಟಿಮೀಟರ್ ಚೌಕದ ಪಟ್ಟಿ ಕತ್ತರಿಸಿ, ನಿಲ್ಲಿಸಿ, ಬಿಸಿ ತಟ್ಟೆಯ ಮೇಲೆ ತುದಿಯಿಂದ ಕರಗಿಸುತ್ತ, ಹೊರಮೈಯ ನೀರನ್ನು ಬೇರೆ ಕೊಳವೆಯಲ್ಲಿ ಹರಿಯಬಿಟ್ಟು ನಡುವಿನ ನೀರನ್ನು ಮಾತ್ರ ಸೋಡಿಯಂ, ಧೂಳಿನ ಅಳತೆಗೆ ಕಳಿಸುತ್ತಾರೆ. ಪ್ರತಿ ತುಂಡಿನ ಮೇಲೆ ಮೇಲ್ಮುಖದ ಬಾಣ ಬರೆಯುವುದನ್ನು ಮರೆತರೆ, ಆ ತುಂಡಿನ ವರ್ಷಗಳು ತಲೆಕೆಳಗಾಗಿ ದಾಖಲೆಗೆ ಸೇರುತ್ತವೆ.